ಮಿಸರದ ನೀರಾನೆ

ನನ್ನ ಮೊದಲ ಹೆರಿಗೆ ಆದದ್ದು ತವರಿನಲ್ಲಲ್ಲ, ಯಲ್ಲಾಪುರದ ಬಾಡಿಗೆ ಮನೆಯಲ್ಲಿ. ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಲ್ಲಿ ನನ್ನ ತವರು. ಅಲ್ಲಿ ಅಪ್ಪ ಒಬ್ಬನೇ ಇದ್ದ. ಅಮ್ಮ ನನ್ನ ತಮ್ಮನನ್ನು ಹೆರುವಾಗ ತೀರಿಕೊಂಡಿದ್ದಳು, ತಮ್ಮನೂ ಉಳಿದಿರಲಿಲ್ಲ. ಆಗ ನಾನು ಚಿಕ್ಕವಳು. ಕೋಣೆಯ ಬಾಗಿಲು ಹಾಕಿತ್ತು, ಒಳಗಿನಿಂದ ಬರುತ್ತಿದ್ದ ಅಮ್ಮನ ದನಿ ಬರಬರುತ್ತ ಸಣ್ಣದಾಯಿತು ಎಂಬುದಷ್ಟೇ ನೆನಪು. ಹಾಗಾಗಿ ನಾನು ಬಸುರಿ ಎಂದು ಗೊತ್ತಾದಾಗ ಗಂಡ ಪೇಟೆಗೆ ಹೋಗಿ ಬತ್ತಾಸು ತಂದರೆ, ನಾನು ಹಿತ್ತಲಿನ ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ.

ಗಂಡ ಅಲ್ಲಿಯ ಕನ್ನಡ ಶಾಲೆಯ ಮಾಸ್ತರರು. ಮೂವತ್ತರ ದಶಕದ ನಡುವಿನ ವರ್ಷಗಳು ಅವು. ಆಗಿನ ಯಲ್ಲಾಪುರವೆಂದರೆ ಹುಬ್ಬಳ್ಳಿ ರಸ್ತೆಯ ಎರಡೂ ಬದಿಗೆ ಒಂದಷ್ಟು ಮನೆ, ನಾಲ್ಕಾರು ಅಂಗಡಿ, ಸಾಗವಾನಿ ದಿಮ್ಮಿ ಹೇರಿಕೊಂಡು ಹೋಗುವ ಗಾಡಿಗಳ ಸಾಲು. ನಮ್ಮ ಮನೆ ಮೋಟಾರು ನಿಲ್ಲುವ ಜಾಗಕ್ಕೆ ಹತ್ತಿರ. ಮಗ್ಗುಲಿನ ಮನೆ ಮೋಟಾರಿನ ಡ್ರೈವರನದು. ಅವನು ದಿನವೂ ಶಿರಸಿಗೆ ಹೋಗಿ ಬರುತ್ತಿದ್ದ. ಇನ್ನೂ ಮದುವೆಯಾಗಿರಲಿಲ್ಲ. ಮನೆಯಲ್ಲಿ ಇರುತ್ತಿದ್ದವರು ಅವನ ಅಪ್ಪ ಮತ್ತು ಅಮ್ಮ. ಮೂಲತಃ ಹಾನಗಲ್ ಕಡೆಯವರು. ಅಪ್ಪನನ್ನು ನಾನು ಸಾಹೇಬಜ್ಜ ಎನ್ನುತ್ತಿದ್ದೆ, ಅಮ್ಮನನ್ನು ಬೂಬಮ್ಮ. ಎರಡು ಮನೆಗಳ ಹಿತ್ತಲಿನ ನಡುವೆ ಸೊಂಟದೆತ್ತರದ ಒಂದು ಮಣ್ಣಿನ ಗೋಡೆ ಇತ್ತು. ಮುಂಬಾಗಿಲಿನಿಂದ ಹೋಗಿ ಬಂದು ಮಾಡಿದರೆ ನೆಂಟರು ನೂರು ಮಾತಾಡುವ ಕಾಲ. ನಮ್ಮ ಮಾತುಕತೆಯೆಲ್ಲ ಆ ಗೋಡೆಯ ಮೇಲೆಯೇ ನಡೆಯುತ್ತಿತ್ತು.

ಮಳೆಗಾಲ ಮುಗಿದು ಒಳ್ಳೆ ಬಿಸಿಲು ಬಿದ್ದ ಒಂದು ಬೆಳಿಗ್ಗೆ ಸಾಹೇಬಜ್ಜ ತನ್ನ ತಗಡಿನ ಪೆಟ್ಟಿಗೆಯನ್ನು ಹಿತ್ತಲಿಗೆ ತಂದು ಒಳಗಿನ ಸಾಮಾನನ್ನೆಲ್ಲ ಒಣಗಲು ಹರವಿದ. ದಪ್ಪ ಉಣ್ಣೆಯ ಕೋಟು, ಚರ್ಮದ ಪಟ್ಟಿ, ನೀರಿನ ತಗಡಿನ ಬಾಟಲಿ. ದೊಡ್ಡ ಯುದ್ಧದ ಕಾಲದಲ್ಲಿ ಆತ ಸರಕಾರಿ ಪಲ್ಟಣದ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಮುಂಬಯಿಯಿಂದ ಹಡಗು ಹತ್ತಿ ಈಜಿಪ್ತಿಗೆ ಹೋಗಿದ್ದನಂತೆ. ಅವನು ಅದನ್ನು ಮಿಸರ ಎನ್ನುತ್ತಿದ್ದ. ಕೊನೆಗೆ ಒಂದು ತಂಬಾಕಿನ ಡಬ್ಬಿ ತೆಗೆದು, ಅದರೊಳಗಿನ ಅರಿವೆ ಬಿಚ್ಚಿ, ಏನೋ ಒಂದನ್ನು ಗೋಡೆಯ ಮೇಲೆ ನಿಲ್ಲಿಸಿದ.

ಹೆಬ್ಬೆರಳಿನಷ್ಟು ಎತ್ತರದ ಗೊಂಬೆ. ನವಿಲಿನ ಕತ್ತಿನಂಥ ನೀಲಿ, ಮೇಲೆ ಗಾಜಿನ ಮೆರುಗು. ಮೆರುಗು ಹಾರಿಹೋದಲ್ಲಿ ಒಳಗಿನ ಬಿಳಿ ಹುಡಿ ಕಾಣುತ್ತಿತ್ತು. ಹಿಂಗಾಲಿನ ಮೇಲೆ ನಿಂತ ಯಾವುದೋ ಪ್ರಾಣಿ. ಉದ್ದ ಮೂತಿ, ಬೆನ್ನಿನ ಮೇಲೆ ಮೊಸಳೆಗಿರುವಂಥ ಗೀರು, ಜೋತುಬಿದ್ದ ಮೊಲೆ, ತುಂಬಿದ ಹೊಟ್ಟೆ. ದಾರ ಪೋಣಿಸಲು ಹಿಂದೆ ಒಂದು ತೂತು. ಒಂದು ಕಿವಿ ಮುರಿದಿತ್ತು. ನನಗೆ ಮೊದಲು ಕಂಡದ್ದು ಹೊಟ್ಟೆಯೇ. ನನಗೂ ಆಗ ಹೊಟ್ಟೆ ಕಾಣಲು ಶುರುವಾಗಿತ್ತು.

"ಎಂತದು ಅಜ್ಜ ಇದು? ಹಂದಿಯಾ?" ಎಂದೆ.

"ಹಂದಿ ಅಲ್ಲ ಬೇಟಿ, ನೀರಾನಿ. ಮಿಸರದ ಹೊಳಿಯಾಗ ಇರತೈತಿ. ಅಲ್ಲಿ ಕೈರೋ ಅಂತ ದೊಡ್ಡ ಶಹರ ಐತಿ. ಅಲ್ಲಿ ಒಂದು ಪ್ರಾಣಿ ತೋಟ. ರಜಾದಾಗ ನಮ್ಮನ್ನ ಕರಕೊಂಡು ಹೋಗಿದ್ರು, ಕಣ್ಣಾರೆ ನೋಡೇನಿ. ಬಾಯಿ ತೆಗೀತು ಅಂದ್ರ ನಮ್ಮ ಮೋಟಾರಿನ ಬಾನೆಟ್ ತೆಗದಂಗ!" ಎಂದು ಎರಡೂ ಕೈ ಅಗಲಿಸಿ ತೋರಿಸಿದ.

ಅಡಿಗೆಮನೆಯ ಕಿಟಕಿಯಿಂದ ಬೂಬಮ್ಮನ ದನಿ ಬಂತು. "ಮತ್ತ ತೆಗದ್ರೇನು ಆ ಹಂದೀನ? ಒಳಗ ತರಬ್ಯಾಡ್ರಿ. ನಮಾಜು ಮಾಡೋ ಮನಿ ಇದು."

ಸಾಹೇಬಜ್ಜ ನನ್ನತ್ತ ನೋಡಿ ನಕ್ಕ. ಆದರೆ ಗೊಂಬೆಯನ್ನು ಕೂಡಲೇ ಅರಿವೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿಬಿಟ್ಟ.

ಬಹಳ ವರ್ಷಗಳ ಮೇಲೆ ಮುಂಬಯಿಯ ಒಂದು ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಅದರ ಒಡಹುಟ್ಟಿದಂಥ ಗೊಂಬೆಗಳನ್ನು ನಾನು ನೋಡಿದೆ. ನಮ್ಮ ಯಾವ ಹಳೆಯ ದೇವಸ್ಥಾನಕ್ಕಿಂತಲೂ ಹಳೆಯವಂತೆ. ಹೆರುವ ಹೆಂಗಸರನ್ನು, ಹಸುಗೂಸುಗಳನ್ನು ಕಾಯಲು ಮೈಮೇಲೆ ಕಟ್ಟಿಕೊಳ್ಳುತ್ತಿದ್ದರಂತೆ. ಯಲ್ಲಾಪುರದಲ್ಲಿ ನಮಗೆ ಯಾರಿಗೂ ಅದರ ವಯಸ್ಸು ಗೊತ್ತಿರಲಿಲ್ಲ. ಅಜ್ಜ ಅದನ್ನು ಯಾರೋ ಈಚೆಗೆ ಮಾಡಿದ್ದೆಂದೇ ತಿಳಿದಿದ್ದ.

ಈ ನೀರಾನೆಯ ಸುದ್ದಿಯನ್ನು ಗಂಡನಿಗೆ ಹೇಳಿದೆ. ಅವರಿಗೆ ಇಂಥದ್ದೆಂದರೆ ಉತ್ಸಾಹ. ಮರುದಿನ ಶಾಲೆಯಿಂದ ಪ್ರಾಣಿಗಳ ಚಿತ್ರವಿದ್ದ ಒಂದು ಪುಸ್ತಕ ತಂದು, ಗೋಡೆಯ ಮೇಲೆ ಬಿಡಿಸಿಟ್ಟು, ಬೂಬಮ್ಮನನ್ನು ಕರೆದರು. "ನೋಡಿ ಬೂಬಮ್ಮ, ಸಾಹೇಬರು ಹೇಳಿದ್ದು ಸುಳ್ಳಲ್ಲ. ನೀರಾನೆ ಎಂಬ ಪ್ರಾಣಿ ಇರುವುದು ಹೌದು."

ಬೂಬಮ್ಮ ಕೈಯೊರಸಿಕೊಂಡು ಬಂದು ಚಿತ್ರವನ್ನು ಬಗ್ಗಿ ನೋಡಿದಳು. "ಮಾಸ್ತರ್ರ, ಇದು ಹಂದಿ ಅಲ್ಲದ ಮತ್ತೇನ್ರಿ? ಸ್ವಲ್ಪ ದೊಡ್ಡ ಹಂದಿ" ಎಂದು ಒಳಗೆ ಹೋದಳು. ಸಾಹೇಬಜ್ಜ ಪುಸ್ತಕವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. "ಇದ ನೋಡ್ರಿ, ಇದ" ಎನ್ನುತ್ತಲೇ ಇದ್ದ.

ಬೂಬಮ್ಮ ಬಾಯಿಯಲ್ಲಿ ಬಿರುಸು, ಆದರೆ ನನ್ನ ಮೇಲೆ ಅವಳಿಗೆ ಒಂದು ಕಣ್ಣಿರುತ್ತಿತ್ತು. ನಾನು ಭಾರದ ಕೊಡ ಎತ್ತಿದರೆ ಗೋಡೆಯಾಚೆಯಿಂದಲೇ ಬೈಯುತ್ತಿದ್ದಳು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿ ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ನಾನೂ ಈಚೆ ಕೂತು ಬಟ್ಟೆಯ ತುಂಡುಗಳನ್ನು ಕತ್ತರಿಸಿ ಕೊಡುತ್ತಿದ್ದೆ. ಹೀಗೆ ಒಂದು ದಿನ ಕೂತಿದ್ದಾಗ ಅವಳು, "ಎಂಟರಾಗ ಬಿದ್ದಿ. ತವರಿಗೆ ಯಾವಾಗ ಹೊಂಟಿ?" ಎಂದು ಕೇಳಿದಳು.

"ಹೋಗ್ತಿಲ್ಲೆ" ಎಂದೆ. "ಅಮ್ಮ ಇಲ್ಲೆ ಅಲ್ಲಿ."

ಅಷ್ಟು ಹೇಳುವುದರೊಳಗೆ ಅಳು ಬಂತು. ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ಒಳಗಿಟ್ಟುಕೊಂಡಿದ್ದೆಲ್ಲ ಹೊರಗೆ ಬಂತು. ಮುಚ್ಚಿದ ಬಾಗಿಲು, ಸಣ್ಣದಾಗುತ್ತ ಹೋದ ಅಮ್ಮನ ದನಿ, ನಾನೂ ಹಾಗೆಯೇ ಹೋಗುತ್ತೇನೆ ಎಂಬ ಹೆದರಿಕೆ, ಎಲ್ಲ ಹೇಳಿದೆ. ನಮ್ಮ ಮನೆಯ ಮಾತು ಬಿಟ್ಟು ಅವಳಿಗೆ ಗೊತ್ತಾಗುವ ಮಾತಿನಲ್ಲಿ ಹೇಳಬೇಕು ಎಂಬುದೂ ಮರೆತುಹೋಗಿತ್ತು. ಬೂಬಮ್ಮ ಸಮಾಧಾನ ಮಾಡಲು ಬರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತನ್ನ ಕತೆ ಹೇಳಿದಳು.

ಸಾಹೇಬಜ್ಜ ಹಡಗು ಹತ್ತಿದಾಗ ಮಗ ಇನ್ನೂ ಚಿಕ್ಕವನು, ಅವಳು ಮತ್ತೆ ಬಸುರಿ. ಅದು ಅವನಿಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ತಿಂಗಳುಗಳ ಮೇಲೆ ಹುಬ್ಬಳ್ಳಿ ಕಡೆಯ ಒಬ್ಬ ಅದೇ ಪಲ್ಟಣಕ್ಕೆ ಹೋಗಿ ಸುದ್ದಿ ಮುಟ್ಟಿಸಿದ. ಅಲ್ಲಿ ಡೇರೆಗಳ ಹತ್ತಿರ ರೊಟ್ಟಿ ಮಾರುವ ಮುದುಕಿಯೊಬ್ಬಳು ಬರುತ್ತಿದ್ದಳಂತೆ. ಅವಳ ಮಾತು ಇವನಿಗೆ ಬಾರದು, ಇವನ ಮಾತು ಅವಳಿಗೆ ಬಾರದು. ಇಬ್ಬರಿಗೂ ಗೊತ್ತಿದ್ದದ್ದು ಸಲಾಮು ಮತ್ತು ದೇವರ ಹೆಸರು ಮಾತ್ರ. ಇವನು ಕೈಸನ್ನೆಯಲ್ಲಿ ಹೆಂಡತಿಯ ವಿಷಯ ತಿಳಿಸಿದ್ದಾನೆ. ಮುದುಕಿ ಮರುದಿನ ಈ ಗೊಂಬೆ ತಂದುಕೊಟ್ಟು, ಇಲ್ಲಿ ಸಿಕ್ಕಿದ್ದು ಎಂಬಂತೆ ಮರಳು ತೋರಿಸಿ, ಹೊಟ್ಟೆ ಮುಟ್ಟಿ ತೋರಿಸಿ, ಕಟ್ಟು ಎಂಬಂತೆ ಸನ್ನೆ ಮಾಡಿದಳಂತೆ. ಇವನು ಅದನ್ನು ರುಮಾಲಿನ ಅಂಚಿನಲ್ಲಿ ಕಟ್ಟಿಕೊಂಡು ಊರಿಗೆ ಹೋಗಲು ರಜೆ ಕೇಳಿದ. ಯುದ್ಧದ ನಡುವೆ ರಜೆ ಕೊಡುವವರು ಯಾರು? ಯುದ್ಧ ಮುಗಿದ ಮೇಲೆಯೇ ಊರಿಗೆ ಬಂದ.

"ಅಷ್ಟೊತ್ತಿಗೆ ನನ್ನ ಮಗಳು ಹುಟ್ಟೂ ಆಗಿತ್ತು, ಹೋಗೂ ಆಗಿತ್ತು" ಎಂದಳು ಬೂಬಮ್ಮ. "ನಾ ಉಳದದ್ದ ದೊಡ್ಡದು. ತಿಂಗಳುಗಟ್ಟಲೆ ಎದ್ದು ಕೂಡಾಕ ಆಗಲಿಲ್ಲ. ಇವರು ಬಾಗಲದಾಗ ನಿಂತು, ನಕ್ಕೋತ, ಇದನ್ನ ಕೈಯಾಗ ಇಟ್ರು. ನೋಡಿದ್ರ ಹಂದಿ! ಎತ್ತಿ ಹಿತ್ತಲಕ್ಕ ಒಗದೆ. ಕಿವಿ ಮುರದದ್ದು ಅವಾಗ."

"ಆಮೇಲೆ?"

"ಆಮೇಲೇನು. ಹೋಗಿ ಆರಿಸಿಕೊಂಡು ಬಂದು ಡಬ್ಬಿಯಾಗ ಇಟ್ಟಕೊಂಡ್ರು. ನಾನೂ ಕೇಳಲಿಲ್ಲ, ಅವರೂ ನನಗ ಹೇಳಲಿಲ್ಲ. ಆ ಮುದುಕಿ ಸುದ್ದಿ ಮಗಗ ಹೇಳೂದು ಕಿವಿಗೆ ಬಿದ್ದದ್ದು, ಅಷ್ಟ."

ಅವಳು ಸೂಜಿ ತೆಗೆದುಕೊಂಡು ಮತ್ತೆ ಹೊಲಿಯತೊಡಗಿದಳು. ನನ್ನ ಅಳು ನಿಂತಿತ್ತು. ಇದನ್ನೆಲ್ಲ ಕೇಳಿದ ಮೇಲೆ ಹೆದರಿಕೆ ಹೆಚ್ಚಾಗಬೇಕಿತ್ತು. ಏಕೋ ಹಾಗಾಗಲಿಲ್ಲ. ಅಂಥದ್ದನ್ನು ಕಂಡೂ ಬದುಕಿ ಉಳಿದವಳೊಬ್ಬಳು ಕೈಯಳತೆಯಲ್ಲಿ ಕೂತಿದ್ದಾಳೆ ಎನಿಸಿತು.

ದಿನ ಹತ್ತಿರ ಬಂದಾಗ ಅತ್ತೆ ಶಿರಸಿಯಿಂದ ಬಂದರು. ಬೂಬಮ್ಮನ ಮಗನ ಮೋಟಾರಿನಲ್ಲಿಯೇ ಬಂದರು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಇಳಿದವರೇ ಆ ಹುಡುಗನಿಗೆ, "ನಿನ್ನ ಗಾಡಿಗಿಂತ ಎತ್ತಿನ ಗಾಡಿ ಅಡ್ಡಿಲ್ಲೆ" ಎಂದರು. ಅತ್ತೆ ಮಡಿಯ ಹೆಂಗಸು. ಗೋಡೆಯ ಮೇಲಿನ ನನ್ನ ಮಾತುಕತೆ ಅವರಿಗೆ ಅಷ್ಟಾಗಿ ಸೇರಲಿಲ್ಲ. ಆದರೂ ಒಂದು ವಾರ ಕಳೆಯುವುದರೊಳಗೆ ಅವರೂ ಬೂಬಮ್ಮನೂ, ಒಬ್ಬರು ಆಚೆ ಒಬ್ಬರು ಈಚೆ ನಿಂತು, ತಮ್ಮ ತಮ್ಮ ಮೊಣಕಾಲು ನೋವಿನ ವಿಷಯ ಮಾತಾಡುವುದನ್ನು ಕಂಡೆ.

ಬೇಸಿಗೆ ಶುರುವಾಗಿತ್ತು. ಒಂದು ಬೆಳಿಗ್ಗೆ ದೋಸೆ ಎರೆಯುತ್ತಿದ್ದಾಗ ನೋವು ಕಾಣಿಸಿಕೊಂಡಿತು. ಅತ್ತೆ ಸೂಲಗಿತ್ತಿಗೆ ಹೇಳಿಕಳಿಸಿದರು. ಅವಳು ಬಂದು ನೋಡಿ, ಇನ್ನೇನು ಆಗುತ್ತದೆ ಎಂದಳು. ಆದರೆ ಹೊತ್ತು ಏರಿದರೂ ಆಗಲಿಲ್ಲ. ಬಿಸಿಲು ಹೆಂಚಿನ ಸಂದಿಯಿಂದ ನೆಲಕ್ಕೆ ಬಿತ್ತು, ನೆಲದಿಂದ ಗೋಡೆಗೆ ಹತ್ತಿತು. ಸೂಲಗಿತ್ತಿ ಮಾತು ಕಡಿಮೆ ಮಾಡಿದಳು. ಗಂಡ ದವಾಖಾನೆಗೆ ಓಡಿದರು. ಡಾಕ್ಟರು ಹಳ್ಳಿಗಳ ಕಡೆ ಹೋಗಿದ್ದಾರೆ, ಸಂಜೆಗೆ ಬರಬಹುದು ಎಂಬ ಉತ್ತರ ತಂದರು. ನನಗೆ ಕೂಗುವ ಶಕ್ತಿ ಇರಲಿಲ್ಲ. ನನ್ನ ದನಿ ಸಣ್ಣದಾಗುತ್ತಿದೆ ಎಂದು ನನಗೇ ಗೊತ್ತಾಗುತ್ತಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಆಗ ಹಿತ್ತಲ ಬಾಗಿಲಿನಲ್ಲಿ ಬೂಬಮ್ಮ ನಿಂತಿದ್ದಳು. ಗೋಡೆ ದಾಟಿ ಬಂದಿದ್ದಳು. ಆ ಮೊಣಕಾಲಿನಲ್ಲಿ ಹೇಗೆ ದಾಟಿದಳೋ ದೇವರೇ ಬಲ್ಲ. ಸೀರೆಯ ಅಂಚಿಗೆಲ್ಲ ಮಣ್ಣು ಹತ್ತಿತ್ತು. ಹೊಸ್ತಿಲ ಹೊರಗೇ ನಿಂತು ಅತ್ತೆಯ ಮುಖ ನೋಡಿದಳು.

ಅತ್ತೆ ಆ ಮಣ್ಣು ಹತ್ತಿದ ಸೀರೆಯನ್ನು ಒಮ್ಮೆ ನೋಡಿದರು. ಆಮೇಲೆ, "ಹೆರೋ ಕೋಣೆಗೆ ಎಂತ ಮಡಿ, ಎಂತ ಮೈಲಿಗೆ. ಬಾ ಒಳಗೆ. ಬಾಗ್ಲು ಹಾಕು" ಎಂದರು.

ಬೂಬಮ್ಮ ನನ್ನ ತಲೆಯ ಹತ್ತಿರ ಬಂದು ಕೂತು, ಮುಚ್ಚಿದ್ದ ಅಂಗೈ ಬಿಚ್ಚಿದಳು. ನೀಲಿ ಗೊಂಬೆಯನ್ನು ಕಂಡು ಅತ್ತೆ ಬಗ್ಗಿ, "ಎಂತದೇ ಅದು? ವರಾಹನ?" ಎಂದರು.

"ಅಲ್ರಿ" ಎಂದಳು ಬೂಬಮ್ಮ. "ನೀರಾನಿ. ಮಿಸರದ್ದು. ಹೆರೋರ ಬಾಜೂಕ ನಿಂದರತೈತಿ."

ಅಷ್ಟು ನೋವಿನಲ್ಲಿಯೂ ನನಗೆ ಕೇಳಿಸಿತು. ಅವಳ ಬಾಯಲ್ಲಿ ಅದು ನೀರಾನೆ ಆದದ್ದು ಅವತ್ತೇ ಮೊದಲು.

ಕಟ್ಟಲು ದಾರ ಇರಲಿಲ್ಲ. ಅದನ್ನು ನನ್ನ ಬಲಗೈಯಲ್ಲಿಟ್ಟು, ಬೆರಳು ಮಡಿಚಿ, ಮೇಲಿನಿಂದ ತನ್ನ ಕೈ ಮುಚ್ಚಿದಳು. "ಹಿಡಿ. ಬಿಡಬ್ಯಾಡ. ನಾನೂ ಬಿಡಾಂಗಿಲ್ಲ. ಕೂಗು, ಎಷ್ಟು ಕೂಗತಿ ಕೂಗು. ದನಿ ಹೊರಗ ಬರಲಿ." ಗೊಂಬೆಯ ಮೂತಿ ಅಂಗೈಗೆ ಒತ್ತುತ್ತಿತ್ತು. ಸೂಜಿ ಹಿಡಿದು ಗಟ್ಟಿಯಾದ ಅವಳ ಬೆರಳು ನನ್ನ ಗೆಣ್ಣುಗಳ ಮೇಲಿತ್ತು. ಅತ್ತೆ ಇನ್ನೊಂದು ಕಡೆಯಿಂದ ಬೆನ್ನಿಗೆ ಒತ್ತುಕೊಟ್ಟು ಕೂತರು. ನಾನು ಕೂಗಿದೆ. ಅಮ್ಮನ ಪಾಲಿನದೂ ಸೇರಿಸಿ ಕೂಗಿದೆನೋ ಏನೋ. ಸೂಲಗಿತ್ತಿ ಮತ್ತೆ ಮಾತಾಡತೊಡಗಿದಳು. ಬಿಸಿಲು ಗೋಡೆಯಿಂದ ಮಾಯವಾಗುವ ಮೊದಲೇ ಮಗಳು ಹುಟ್ಟಿದಳು.

ಮುಂದಿನದನ್ನು ನನಗೆ ಹೇಳಿದ್ದು ಗಂಡ. ಅವರೂ ಸಾಹೇಬಜ್ಜನೂ ಹೊರಗೆ ಜಗುಲಿಯ ಮೇಲೆ ಬೆಳಗಿನಿಂದ ಒಟ್ಟಿಗೆ ಕೂತಿದ್ದರಂತೆ. ಬೂಬಮ್ಮ ಹೊರಗೆ ಬಂದು, "ಮಾಸ್ತರ್ರ, ಹೆಣ್ಣು. ತಾಯಿ ಮಗಳು ಇಬ್ರೂ ಆರಾಮ ಅದಾರ" ಎಂದಳು. ಆಮೇಲೆ ಸಾಹೇಬಜ್ಜನ ಕಡೆ ತಿರುಗಿ, "ನಿಮ್ಮ ನೀರಾನಿ ಗಟ್ಟಿ ಐತಿ" ಎಂದಳಂತೆ. ಸಾಹೇಬಜ್ಜ ಎದ್ದು ತನ್ನ ಮನೆಯ ಬಾವಿಗೆ ಹೋದ. ಒಂದು ಕೊಡ ನೀರು ಸೇದಿ ಮುಖ ತೊಳೆದ. ಇನ್ನೊಂದು ಕೊಡ ಸೇದಿ ಮತ್ತೆ ತೊಳೆದ. ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಆ ದಿನದಿಂದ ಗೊಂಬೆ ತಂಬಾಕಿನ ಡಬ್ಬಿಗೆ ಮರಳಲಿಲ್ಲ. ಬಾಣಂತನ ಮುಗಿಯುವವರೆಗೆ ನನ್ನ ಮಗ್ಗುಲಿಗಿತ್ತು. ಅಷ್ಟರಲ್ಲಿ ಅತ್ತೆಯೇ ಬೂಬಮ್ಮನ ಹತ್ತಿರ ಅದನ್ನು ಕೇಳಿದರು. ಶಿರಸಿ ಹತ್ತಿರದ ಇಸಳೂರಿನಲ್ಲಿದ್ದ ನನ್ನ ನಾದಿನಿಗೆ ದಿನ ತುಂಬುತ್ತಿತ್ತು. ಬೂಬಮ್ಮ ಅದನ್ನು ಅರಿವೆಯಲ್ಲಿ ಸುತ್ತಿ, ಕರಿ ದಾರ ಪೋಣಿಸಿ, ಮಗನ ಅಂಗಿಯ ಕಿಸೆಗೆ ಹಾಕಿ ಶಿರಸಿಗೆ ಕಳಿಸಿದಳು. ನಾದಿನಿಗೆ ಗಂಡು ಮಗುವಾಯಿತು. ಸುದ್ದಿ ಹರಡಿತು. ದಿಮ್ಮಿ ಗಾಡಿ ಹೊಡೆಯುವವನ ಹೆಂಡತಿ ಬಂದು ಒಯ್ದಳು, ಪೋಸ್ಟಿನ ಪೇದೆಯ ಮಗಳು ಒಯ್ದಳು. ಸಿದ್ದಾಪುರದಿಂದಲೂ ಕೇಳಿಕಳಿಸಿದರು. ಮೋಟಾರಿನಲ್ಲಿ ಬರುತ್ತದೆ ಎಂದು ಶಿರಸಿಯ ಹೆಂಗಸರು ಅದಕ್ಕೆ ಮೋಟಾರಮ್ಮ ಎಂದು ಹೆಸರಿಟ್ಟರು. ಕೆಲವರು ಅರಿಶಿನ ಕುಂಕುಮ ಹಚ್ಚಿ ವಾಪಸು ಕಳಿಸುತ್ತಿದ್ದರು. ಬೂಬಮ್ಮ ಗೊಣಗುತ್ತ ತೊಳೆದು, ಒರೆಸಿ, ಮುಂದಿನ ಮನೆಗೆ ಕೊಡುತ್ತಿದ್ದಳು.

ಎಲ್ಲ ಕಡೆಯೂ ಒಳ್ಳೆಯದೇ ಆಯಿತು ಎಂದರೆ ಸುಳ್ಳಾಗುತ್ತದೆ. ಸಿದ್ದಾಪುರದ ಹತ್ತಿರದ ಒಂದು ಮನೆಯಲ್ಲಿ ಕೂಸು ಉಳಿಯಲಿಲ್ಲ. ಅವರು ಯಾವ ಮಾತೂ ಹೇಳಿಕಳಿಸದೆ ಗೊಂಬೆಯನ್ನು ಡ್ರೈವರನ ಕೈಗೆ ಕೊಟ್ಟರು. ಬೂಬಮ್ಮ ಮೋಟಾರು ಹತ್ತಿ ಆ ಮನೆಗೆ ಹೋಗಿಬಂದಳು. ಅವಳಾಗಿ ಮೋಟಾರು ಹತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಲ್ಲಿ ಏನು ಮಾತಾಡಿದಳೋ ಹೇಳಲಿಲ್ಲ. ಕೆಲವು ತಿಂಗಳು ಯಾರು ಕೇಳಿದರೂ ಗೊಂಬೆ ಕೊಡಲಿಲ್ಲ. ಆಮೇಲೆ ಒಬ್ಬಳು, ನನ್ನ ಹಾಗೆಯೇ ತಾಯಿ ಇಲ್ಲದವಳು, ಬಂದು ಅತ್ತಾಗ ಕೊಟ್ಟಳು.

ಮಗಳು ಗೋಡೆ ಹತ್ತಲು ಕಲಿಯುವಷ್ಟರಲ್ಲಿ ಗಂಡನಿಗೆ ಸಿದ್ದಾಪುರಕ್ಕೆ ವರ್ಗವಾಯಿತು. ಗಾಡಿಗೆ ಸಾಮಾನು ಹೇರುವಾಗ ಸಾಹೇಬಜ್ಜ ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆಯ ತಿರುವಿನವರೆಗೆ ಬಂದ. ಮತ್ತೆ ನಾನು ಅವನನ್ನು ನೋಡಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಶಿರಸಿಯ ಮೋಟಾರು ಕಟ್ಟೆಯಲ್ಲಿ ಬೂಬಮ್ಮನ ಮಗ ಸಿಕ್ಕಿ, ಅಪ್ಪ ಹೋದ ಸುದ್ದಿ ಹೇಳಿದ.

ಮಗಳನ್ನು ಕರೆದುಕೊಂಡು ಯಲ್ಲಾಪುರಕ್ಕೆ ಹೋದೆ. ಆ ಸಲ ಹಿತ್ತಲಿಗೆ ಹೋಗಲಿಲ್ಲ, ಮುಂಬಾಗಿಲಿನಿಂದಲೇ ಒಳಗೆ ಹೋದೆ. ಅವಳ ಮನೆಯ ಒಳಗೆ ನಾನು ಕಾಲಿಟ್ಟದ್ದು ಆವತ್ತೇ ಮೊದಲು. ಹೊಸ ಸೊಸೆ ಚಾ ಮಾಡಿ ತಂದಿಟ್ಟಳು. ಕುಡಿಯುತ್ತೇನೋ ಇಲ್ಲವೋ ಎಂದು ಬೂಬಮ್ಮ ನನ್ನ ಮುಖ ನೋಡಿದಳು. ನಾನು ಕುಡಿದೆ. ಏಲಕ್ಕಿ ಹಾಕಿದ ಚಾ, ಸಕ್ಕರೆ ಜಾಸ್ತಿ.

"ಕಡೀಗೆ ಕಡೀಗೆ ಬರೇ ಮಿಸರದ ಮಾತ" ಎಂದಳು. "ಆ ತೋಟ, ಆ ನೀರಾನಿ, ನೀರಾಗಿಂದ ತಲಿ ಎತ್ತಿದ್ದು, ಬಾಯಿ ತೆಗದದ್ದು. ನಾ ಒಂದಿನಾನೂ ಕೂತು ಕೇಳಿದಾಕಿ ಅಲ್ಲ. ಕಡೀಗೆ ಕೂತು ಕೇಳಿದೆ. ಮೊದಲಿಂದ ಹೇಳ್ರಿ ಅಂದೆ. ಹಡಗ ಹತ್ತಿದಾಗಿಂದ ಹೇಳಿದ್ರು."

ನನ್ನ ಖಾಲಿ ಲೋಟ ಎತ್ತಿಟ್ಟು, "ನಾನೂ ಒಮ್ಮೆ ನೋಡಬೇಕಿತ್ತು ಆ ಪ್ರಾಣೀನ, ಅವರ ಕೂಡ" ಎಂದಳು.

ಗೊಂಬೆ ಎಲ್ಲಿ ಎಂದು ಕೇಳಿದೆ. ಮುಂಡಗೋಡ ಕಡೆಯ ಒಂದು ಮನೆಗೆ ಹೋಗಿದೆ, ಬಹಳ ದಿನವಾಯಿತು, ಇನ್ನೂ ಬಂದಿಲ್ಲ ಎಂದಳು. ತರಿಸಿಕೊಳ್ಳುವುದಿಲ್ಲವೇ ಎಂದರೆ, "ಯಾಕ? ಬರತೈತಿ. ಅಲ್ಲೇ ಹತ್ತರದಾಗ ಇನ್ನೊಬ್ಬಾಕಿ ಬಸರಿ ಇರಬೇಕು" ಎಂದು ಮಗಳ ಕೈಗೆ ಖರ್ಜೂರ ಕೊಟ್ಟಳು. ಮಗಳು ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಚಾಚಿದಳು. ಬೂಬಮ್ಮ ನಕ್ಕು, ಖರ್ಜೂರದ ಡಬ್ಬಿಯನ್ನೇ ಅವಳ ಮುಂದೆ ಸರಿಸಿದಳು.

ಹೊರಗೆ ಮೋಟಾರು ಹಾರನ್ ಹೊಡೆಯಿತು. ಅವಳ ಮಗ ನಮಗಾಗಿಯೇ ನಿಲ್ಲಿಸಿಕೊಂಡಿದ್ದ. ಬೂಬಮ್ಮ ಬಾಗಿಲಿನವರೆಗೆ ಬಂದು ಅವನಿಗೆ, "ನಿಧಾನ ಹೊಡಿ, ಕೂಸು ಐತಿ" ಎಂದು ಕೂಗಿ ಹೇಳಿದಳು.